ನಡುವರ್ಷ ಬಂದ ಮಗು: ಗುಳೆ ಮಕ್ಕಳು, ಮಿಲಿಟರಿ ಮಕ್ಕಳು ಸರ್ಕಾರಿ ಶಾಲೆಗೆ ಬಂದಾಗ ಏನು ಮಾಡಬೇಕು? ಹಂತ ಹಂತದ ಮಾರ್ಗದರ್ಶಿ

ದೀಪಾವಳಿ ಮುಗಿದ ವಾರದಿಂದ ನನಗೆ ಒಂದೇ ಥರದ ಫೋನ್ ಬರೋಕೆ ಶುರುವಾಗುತ್ತದೆ. "ಸಾರ್, ಯಾದಗಿರಿ ಕಡೆಯವರು ಮೂರು ಮಕ್ಕಳನ್ನ ಕರ್ಕೊಂಡು ಬಂದಿದಾರೆ. ಟಿಸಿ ಇಲ್ಲ, ಆಧಾರ್ ಇಲ್ಲ. ಏನ್ ಮಾಡ್ಲಿ?" ಫೋನ್ ಮಾಡುವ ಮುಖ್ಯ ಶಿಕ್ಷಕರು ಬೇರೆ ಬೇರೆ, ಪ್ರಶ್ನೆ ಅದೇ: ಗುಳೆ, ಅಂದರೆ ಕೂಲಿಗಾಗಿ ಊರು ಬಿಟ್ಟು ಬಂದವರ ಮಕ್ಕಳದ್ದು. ನಾವು ಎಡವುವ ಜಾಗವೂ ಅದೇ ಎರಡು. ಮಗು ಬಂದ ದಿನ ಕಾಗದಕ್ಕೆ ಕಾಯುತ್ತೇವೆ. ಮಗು ಹೊರಟ ದಿನ ಕಾಗದ ಮರೆಯುತ್ತೇವೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದವರು ಮುಂದೆ ಎಸ್‌ಎಸ್‌ಎಲ್‌ಸಿ ನೋಂದಣಿ ಹೊತ್ತಿಗೆ ತಲೆ ಮೇಲೆ ಕೈ ಇಟ್ಟು ಕೂತಿದ್ದಾರೆ. ಅವರಲ್ಲಿ ನಾನೂ ಒಬ್ಬ. ಆ ಕಥೆ ಎರಡನೇ ಹಂತದಲ್ಲಿದೆ.

ಮೊದಲೇ ಸಿದ್ಧ ಇರಬೇಕಾದ್ದು

ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು ಅದನ್ನು "ಬಂದವರು-ಹೋದವರು" ಪುಸ್ತಕ ಮಾಡಿ. ಮಗುವಿನ ಹೆಸರು, ಹಳೇ ಶಾಲೆ, ಹಳೇ ಊರಿನ ತಾಲ್ಲೂಕು, ಎಸ್‌ಎಟಿಎಸ್ ಸಂಖ್ಯೆ (ರಾಜ್ಯದ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ), ಎರಡು ಫೋನ್ ನಂಬರು, ಬಂದ ದಿನ, ಹೊರಡಬಹುದಾದ ತಿಂಗಳು, ಹೋಗಿ ಸೇರಿದ ಶಾಲೆ, ಇಷ್ಟಕ್ಕೂ ಒಂದೊಂದು ಕಾಲಂ. ಎರಡನೇ ಫೋನ್ ನಂಬರು ಊರಲ್ಲೇ ಉಳಿದಿರುವ ಅಜ್ಜಿಯದ್ದೋ ದೊಡ್ಡಪ್ಪನದ್ದೋ ಆಗಿರಲಿ. ದುಡಿಯೋಕೆ ಬಂದವರ ಸಿಮ್ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ.

ಬೀರುವಿನಲ್ಲಿ ಎರಡು ತಟ್ಟೆ, ಎರಡು ಲೋಟ, ನಾಲ್ಕು ನೋಟ್‌ಬುಕ್, ಪೆನ್ಸಿಲ್ ಡಬ್ಬಿ, ಹಿಂದಿನ ವರ್ಷದ ಮಕ್ಕಳು ಬಿಟ್ಟುಹೋದ ಒಗೆದ ಯೂನಿಫಾರಂ ಇಟ್ಟುಕೊಳ್ಳಿ. ತಟ್ಟೆ ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಅವತ್ತೇ ಸೇರಿಸಿಕೊಳ್ಳಿ

ಮಗು ಬಾಗಿಲಿಗೆ ಬಂದ ದಿನವೇ ಹಾಜರಿಯಲ್ಲಿ ಹೆಸರು ಬರಬೇಕು. ಇದನ್ನು ಯಾರ ಮೇಲಿನ ದಯೆಗೂ ಮಾಡುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿಸಿ ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ತಡ ಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. 15ನೇ ಕಲಂ ಪ್ರಕಾರ ಪ್ರವೇಶದ ಅವಧಿ ಮುಗಿದಿದ್ದರೂ ಸೇರಿಸಿಕೊಳ್ಳಬೇಕು. ವಲಸೆ ಕುಟುಂಬದ ಮಕ್ಕಳ ಪ್ರವೇಶ ನೋಡಿಕೊಳ್ಳುವ ಹೊಣೆಯನ್ನು 9ನೇ ಕಲಂ ಸ್ಥಳೀಯ ಪ್ರಾಧಿಕಾರದ ಮೇಲೆ ಹಾಕಿದೆ. ಇದೆಲ್ಲ 6ರಿಂದ 14 ವರ್ಷದವರಿಗೆ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯ ಮುಂದೆ ಬರುತ್ತದೆ.

ಆಧಾರ್ ಇಲ್ಲ ಅನ್ನುವುದೂ ಕಾರಣವಲ್ಲ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ ತೀರ್ಪಿನಲ್ಲಿ ಹೇಳಿದೆ. ಅರ್ಜಿ ಹಾಕಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ವಯಸ್ಸಿಗೆ ಜನನ ಪ್ರಮಾಣ ಪತ್ರ ಇಲ್ಲದಿದ್ದರೆ ತಾಯಿ ಕಾರ್ಡು, ಆಸ್ಪತ್ರೆ ದಾಖಲೆ, ಅಂಗನವಾಡಿ ದಾಖಲೆ ಕೇಳಿ. ಅದೂ ಇಲ್ಲದಿದ್ದರೆ ತಂದೆ ಅಥವಾ ತಾಯಿಯ ಲಿಖಿತ ಹೇಳಿಕೆ ಸಾಕು. ಆದರೆ ಆತುರದಲ್ಲಿ ನೀವೇ ಒಂದು ತಾರೀಖು ಬರೆದುಬಿಡಬೇಡಿ. ನಮ್ಮ ಶಾಲೆಗಳಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಇದ್ದಾರೆ ಅಂತ ಲೆಕ್ಕ ಹಾಕಿದರೆ ನಗು ಬರುತ್ತದೆ. ಆ ತಾರೀಖು ಆ ಮಗುವಿನ ಜೀವಮಾನ ಪೂರ್ತಿ ಹಿಂದೆ ಬರುತ್ತದೆ.

*ಸಾಮಾನ್ಯ ತಪ್ಪು:* "ಟಿಸಿ ತಂದ ಮೇಲೆ ಬನ್ನಿ." ಇದನ್ನು ಕೇಳಿದ ತಂದೆ ಒಂದು ದಿನದ ಕೂಲಿ ಬಿಟ್ಟು ನಾನೂರು ಐನೂರು ಕಿಲೋಮೀಟರ್ ಬಸ್ಸಲ್ಲಿ ಹೋಗಿ ಟಿಸಿ ತರುವುದಿಲ್ಲ. ಮಗು ಶೆಡ್ಡಲ್ಲೇ ಉಳಿಯುತ್ತದೆ, ಅಷ್ಟೇ.

*ಇನ್ನೊಂದು ತಪ್ಪು:* ಸೇರಿಸಿಕೊಳ್ಳುವ ಮೊದಲು "ಓದು ನೋಡೋಣ" ಅಂತ ಪರೀಕ್ಷೆ ಮಾಡುವುದು. ಪ್ರವೇಶಕ್ಕೆ ಮುಂಚೆ ಮಗುವನ್ನು ಅಳೆಯುವಂತಿಲ್ಲ. ಸೇರಿಸಿಕೊಂಡ ಮೇಲೆ ಮಟ್ಟ ನೋಡಿ, ಅದು ಮೂರನೇ ಹಂತ.

ಹಂತ 2: ಹಳೇ ಸಂಖ್ಯೆ ಹುಡುಕಿ, ಹೊಸದು ಹುಟ್ಟಿಸಬೇಡಿ

ಇಲ್ಲಿ ನಿಧಾನ ಮಾಡಿ. ಜಾಸ್ತಿ ಜನ ಕೆಡಿಸುವುದು ಇದನ್ನೇ.

ಕರ್ನಾಟಕದ ಒಳಗಿಂದ ಬಂದ, ಒಂದು ದಿನವಾದರೂ ಶಾಲೆಗೆ ಸೇರಿದ್ದ ಮಗುವಿಗೆ ಎಸ್‌ಎಟಿಎಸ್ ಸಂಖ್ಯೆ ಇದ್ದೇ ಇರುತ್ತದೆ. ಹಳೇ ಶಾಲೆಯವರು ಆನ್‌ಲೈನ್‌ನಲ್ಲಿ ಟಿಸಿ ಕೊಟ್ಟರೆ ಅದೇ ಸಂಖ್ಯೆ ನಿಮ್ಮ ಶಾಲೆಗೆ ಬರುತ್ತದೆ. ಅವರು ಕೊಡುವ ತನಕ ಬರುವುದಿಲ್ಲ. ಆಗ ಕೈ ತುರಿಸುತ್ತದೆ: ಹೊಸ ಮಗು ಅಂತಲೇ ಹಾಕಿಬಿಟ್ಟರೆ ಕೆಲಸ ಮುಗೀತಲ್ವಾ?

ನಾನು ಹಾಗೇ ಮಾಡಿದ್ದೆ. ಆರನೇ ತರಗತಿಗೆ ಬಂದ ಹುಡುಗಿ. ಹಳೇ ಶಾಲೆಯವರು ಫೋನ್ ಎತ್ತಲಿಲ್ಲ, ನಾನು ಹೊಸ ಸಂಖ್ಯೆ ಮಾಡಿದೆ. ಹೆಸರನ್ನು ಇಂಗ್ಲಿಷಲ್ಲಿ ನನಗೆ ತೋಚಿದ ಹಾಗೆ ಬರೆದೆ. ಹತ್ತನೇ ತರಗತಿಯಲ್ಲಿ ನೋಡಿದರೆ ಒಬ್ಬಳೇ ಹುಡುಗಿ ಎರಡು ಶಾಲೆಯಲ್ಲಿ, ಎರಡು ಹೆಸರಿನ ಕಾಗುಣಿತದಲ್ಲಿ, ಎರಡು ಹುಟ್ಟಿದ ದಿನಾಂಕದೊಂದಿಗೆ ಬದುಕಿದ್ದಳು. ಅದನ್ನು ಸರಿ ಮಾಡಿಸೋಕೆ ಅವಳ ಅಪ್ಪ ಎಷ್ಟು ದಿನದ ಕೂಲಿ ಕಳೆದುಕೊಂಡ ಅಂತ ನನಗೆ ಗೊತ್ತು. ತಪ್ಪು ಪೂರ್ತಿ ನನ್ನದು.

ಸರಿಯಾದ ಕ್ರಮ ಹೀಗೆ:

1. ತಂದೆ ತಾಯಿಗೆ ಶಾಲೆಯ ಹೆಸರು ನೆನಪಿರುವುದಿಲ್ಲ. "ಯಾವ ಊರು, ಗುಡಿ ಪಕ್ಕದ ಶಾಲೆನಾ, ತಾಂಡಾದ ಶಾಲೆನಾ, ಮೇಷ್ಟ್ರ ಹೆಸರೇನು" ಅಂತ ಕೇಳಿ. ಮೇಷ್ಟ್ರ ಹೆಸರು ಮಗುವಿಗೆ ಖಂಡಿತ ಗೊತ್ತಿರುತ್ತದೆ.

2. ಊರು, ತಾಲ್ಲೂಕು ಗೊತ್ತಾದರೆ ಶಾಲೆಯ 11 ಅಂಕಿಯ ಯುಡೈಸ್ ಕೋಡ್ (ದೇಶದ ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ಹುಡುಕಬಹುದು. ಇಲ್ಲವಾದರೆ ನಿಮ್ಮ ಸಿಆರ್‌ಪಿಗೆ, ಅಂದರೆ ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ ಹೇಳಿ. ಅವರು ಆ ಕಡೆಯ ಸಿಆರ್‌ಪಿಗೆ ಹೇಳುತ್ತಾರೆ. ಸಿಆರ್‌ಪಿಗಳ ನಡುವಿನ ವಾಟ್ಸಾಪ್ ಯಾವ ಪೋರ್ಟಲ್‌ಗಿಂತಲೂ ಜೋರು.

3. ಹಳೇ ಮುಖ್ಯ ಶಿಕ್ಷಕರಿಗೆ ಮೊದಲು ಫೋನ್ ಮಾಡಿ, ಅದೇ ದಿನ ಒಂದು ಪತ್ರ ಕಳಿಸಿ. ಮಗು ನಮ್ಮಲ್ಲಿ ಇಂಥ ದಿನ ಸೇರಿದೆ, ಟಿಸಿ ಕೊಡಿ ಅಂತ ಎರಡೇ ಸಾಲು. ಪತ್ರದ ನಕಲು ಕಡತದಲ್ಲಿರಲಿ.

4. ವಾರ ಕಳೆದರೂ ಆಗದಿದ್ದರೆ ನಿಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮೂಲಕ ಅಲ್ಲಿನ ಬಿಇಒಗೆ ಪತ್ರ ಹೋಗಲಿ. ಟಿಸಿ ತಡ ಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೆ ಅದೇ 5ನೇ ಕಲಂನಲ್ಲಿ ಅವಕಾಶ ಇದೆ. ಪತ್ರದಲ್ಲಿ ಕಲಂ ಸಂಖ್ಯೆ ಬರೆದರೆ ಸಾಕು, ಬೆದರಿಸುವುದು ಬೇಡ. ಪಾಪ, ಹಳೇ ಶಾಲೆಯವರಿಗೆ ದಾಖಲಾತಿ ಕಡಿಮೆಯಾದರೆ ಒಬ್ಬ ಶಿಕ್ಷಕರು ಹೋಗಿಬಿಡುತ್ತಾರೆ ಅನ್ನುವ ಭಯ ಇರುತ್ತದೆ.

ಹೊರರಾಜ್ಯದ ಮಗುವಿಗೆ ಎಸ್‌ಎಟಿಎಸ್ ಇರುವುದಿಲ್ಲ. ಆದರೆ ದೇಶದ ಶಾಲೆಗಳ ಆನ್‌ಲೈನ್ ದಾಖಲೆಯಾದ ಯುಡೈಸ್ ಪ್ಲಸ್‌ನಲ್ಲಿ ಪೆನ್ ಅನ್ನುವ ಶಾಶ್ವತ ಸಂಖ್ಯೆ ಇರುತ್ತದೆ. ಹಳೇ ಶಾಲೆಯವರು ಮಗುವನ್ನು ಡ್ರಾಪ್ ಬಾಕ್ಸ್‌ಗೆ (ಶಾಲೆ ಬಿಟ್ಟವರ ಪಟ್ಟಿಗೆ) ಹಾಕಿದರೆ, ನೀವು ಪೆನ್ ಮತ್ತು ಹುಟ್ಟಿದ ದಿನಾಂಕ ಕೊಟ್ಟು ನಿಮ್ಮ ಶಾಲೆಗೆ ಎಳೆದುಕೊಳ್ಳಬಹುದು. ವಿದ್ಯಾರ್ಥಿಗಳಿಗೆ ಕೇಂದ್ರ ಕೊಡುವ 12 ಅಂಕಿಯ ಅಪಾರ್ ಗುರುತಿನ ಸಂಖ್ಯೆ ಆಗಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಆಗಿಲ್ಲದಿದ್ದರೆ ಪೋಷಕರ ಒಪ್ಪಿಗೆ ಪಡೆದ ಮೇಲಷ್ಟೇ ಮಾಡಿಸಿ.

*ಎಚ್ಚರಿಕೆಯ ಚಿಹ್ನೆ:* ಆಧಾರ್, ಹಳೇ ದಾಖಲೆ, ತಾಯಿಯ ಬಾಯಿಮಾತು ಮೂರರಲ್ಲೂ ಹೆಸರು ಬೇರೆ ಬೇರೆ ಇದ್ದರೆ ಅಲ್ಲೇ ನಿಲ್ಲಿ. ಅಂಬರೀಶ, ಅಂಬ್ರೇಶ, ಅಮರೇಶ ಒಂದೇ ಮಗು ಇರಬಹುದು, ಅಣ್ಣ ತಮ್ಮಂದಿರೂ ಇರಬಹುದು.

ಹಂತ 3: ವಯಸ್ಸಿಗೆ ತಕ್ಕ ತರಗತಿ, ಮಟ್ಟಕ್ಕೆ ತಕ್ಕ ಪಾಠ

ಹತ್ತು ವರ್ಷದ ಮಗು ಅಕ್ಷರ ಕಲಿಯದಿದ್ದರೂ ಒಂದನೇ ತರಗತಿಗೆ ಕೂರಿಸಬೇಡಿ. ಕಾಯ್ದೆಯ 4ನೇ ಕಲಂ ವಯಸ್ಸಿಗೆ ತಕ್ಕ ತರಗತಿ ಕೊಡಿ ಅನ್ನುತ್ತದೆ. ಜೊತೆಗೆ ವಿಶೇಷ ತರಬೇತಿಯನ್ನೂ ಕೊಡಬೇಕು. ನಿಯಮದ ಪ್ರಕಾರ ಅದು ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಹಿಂದೆ ಚಿಣ್ಣರ ಅಂಗಳ ಅಂತ ಶಾಲೆ ಬಿಟ್ಟ ಮಕ್ಕಳ ತರಗತಿ ನಡೀತಿತ್ತಲ್ಲ, ಆ ಜಾತಿಯದು.

ಮಟ್ಟ ನೋಡೋಕೆ ಹತ್ತು ನಿಮಿಷ ಸಾಕು. ಎರಡನೇ ದಿನ, ಬೇರೆ ಮಕ್ಕಳು ಇಲ್ಲದ ಹೊತ್ತಿನಲ್ಲಿ ಮಾಡಿ. ಒಂದು ಚಿತ್ರ ತೋರಿಸಿ ಮಾತಾಡಿಸಿ. ಹೆಸರು ಬರೆಸಿ. ಎರಡು ಸಾಲು ಓದಿಸಿ. ಹತ್ತು ರೂಪಾಯಿ ಕೊಟ್ಟು ಆರು ರೂಪಾಯಿ ಬಿಸ್ಕತ್ತು ತಗೊಂಡರೆ ಎಷ್ಟು ಚಿಲ್ಲರೆ ಅಂತ ಕೇಳಿ. ಗುಳೆ ಮಕ್ಕಳು ಈ ಕೊನೇ ಪ್ರಶ್ನೆಗೆ ಟಕ್ ಅಂತ ಉತ್ತರ ಕೊಟ್ಟು, ಬೋರ್ಡ್ ಮೇಲಿನ ಕಳೆಯುವ ಲೆಕ್ಕದ ಮುಂದೆ ಸುಮ್ನೆ ನಿಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಗಡಿಯ ಲೆಕ್ಕದಿಂದಲೇ ಪುಸ್ತಕದ ಲೆಕ್ಕಕ್ಕೆ ಕರೆತನ್ನಿ.

ಒಂದರಿಂದ ಮೂರರ ಮಕ್ಕಳಿಗೆ ನಲಿ-ಕಲಿ, ಅಂದರೆ ಪ್ರತಿ ಮಗು ತನ್ನ ವೇಗದಲ್ಲಿ ಚಟುವಟಿಕೆಯಿಂದ ಕಲಿಯುವ ಪದ್ಧತಿ, ಇರುವುದು ನಮ್ಮ ಪುಣ್ಯ. ಕಲಿಕಾ ಏಣಿಯಲ್ಲಿ ಮಗು ಎಲ್ಲಿದೆಯೋ ಅಲ್ಲಿಂದಲೇ ಹತ್ತಿಸಬಹುದು. ಹಳೇ ಶಾಲೆಯ ಶಿಕ್ಷಕರನ್ನು "ಯಾವ ಮೈಲಿಗಲ್ಲಿನವರೆಗೆ ಬಂದಿದ್ದ" ಅಂತ ಒಂದು ಮಾತು ಕೇಳಿದರೆ ವಾರಗಟ್ಟಲೆ ಪರದಾಟ ತಪ್ಪುತ್ತದೆ. ನಾಲ್ಕರ ಮೇಲಿನವರಿಗೆ ಪುಸ್ತಕದ ಮೊದಲ ಪಾಠದಿಂದ ಶುರು ಮಾಡಬೇಡಿ. ತರಗತಿ ಈಗ ಓದುತ್ತಿರುವ ಪಾಠದಲ್ಲೇ ಕೂರಿಸಿ, ಬಿಟ್ಟುಹೋದದ್ದನ್ನು ದಿನಕ್ಕೆ ಅರ್ಧ ಗಂಟೆ ತುಂಬಿ.

ಪಠ್ಯಪುಸ್ತಕ ನಡುವರ್ಷದಲ್ಲಿ ಸಿಗುವುದು ಕಷ್ಟ. ಕ್ಲಸ್ಟರ್‌ನ ಬೇರೆ ಶಾಲೆಗಳಲ್ಲಿ ಉಳಿದ ಪ್ರತಿ ಇದ್ದೇ ಇರುತ್ತದೆ, ಕೇಳಿ. ಅಲ್ಲಿಯವರೆಗೆ ಪಠ್ಯಪುಸ್ತಕ ಸಂಘದ ಜಾಲತಾಣದ ಪಿಡಿಎಫ್‌ನಿಂದ ಬೇಕಾದ ಪಾಠವನ್ನಷ್ಟೇ ಮುದ್ರಿಸಿಕೊಡಿ.

ಹಂತ 4: ಮೊದಲ ವಾರ

ಒಬ್ಬ ಹುಡುಗ, ಮೂರನೇ ತರಗತಿ. ಬೆಳಗ್ಗೆ ಬರುತ್ತಾನೆ, ಚೆನ್ನಾಗಿ ಕೂರುತ್ತಾನೆ, ಊಟದ ಗಂಟೆ ಹೊಡೆದ ತಕ್ಷಣ ಮಾಯ. ಮೂರು ದಿನ ಹೀಗೇ ಆಯಿತು. ಓಡಿಹೋಗುವ ಚಾಳಿ ಅಂದುಕೊಂಡೆವು. ನಾಲ್ಕನೇ ದಿನ ಅಡುಗೆ ಮಾಡುವ ಅಕ್ಕ ಹೇಳಿದರು: "ಅವನ ಹತ್ರ ತಟ್ಟೆ ಇಲ್ಲ ಸಾರ್, ನಲ್ಲಿ ಹಿಂದೆ ನಿಂತಿರ್ತಾನೆ." ಅವರೇ ಒಂದು ತಟ್ಟೆ ಕೊಟ್ಟರು. ಆಮೇಲೆ ಅವನು ಎಲ್ಲೂ ಹೋಗಲಿಲ್ಲ.

ಹಾಗಾಗಿ ಮೊದಲ ದಿನದ ಪಟ್ಟಿಯಲ್ಲಿ ಪಾಠ ಕೊನೆಗೆ ಬರಲಿ. ಮೊದಲು ತಟ್ಟೆ, ಆಮೇಲೆ ಶೌಚಾಲಯ ಎಲ್ಲಿ ಅಂತ ಕೈ ಹಿಡಿದು ತೋರಿಸುವುದು, ಕುಡಿಯುವ ನೀರು, ಜೊತೆಗೆ ಒಬ್ಬ ಗೆಳೆಯ ಅಥವಾ ಗೆಳತಿ. ಈ ಜೊತೆಗಾರರನ್ನು ಆರಿಸುವಾಗ ತರಗತಿಯ ಮೊದಲ ರ‍್ಯಾಂಕಿನವರನ್ನು ಬಿಡಿ. ಹಿಂದಿನ ವರ್ಷ ಹೀಗೇ ಬಂದು ನೆಲೆ ನಿಂತ ಮಗು ಇದ್ದರೆ ಅವರೇ ಸರಿ. ಯೂನಿಫಾರಂ ಇಲ್ಲದೆ ಬಂದ ಮಗುವನ್ನು ಪ್ರಾರ್ಥನೆಯಲ್ಲಿ ಮುಂದೆ ನಿಲ್ಲಿಸಬೇಡಿ.

ಹಂತ 5: ಭಾಷೆ

ಇಲ್ಲಿ ಮೂರು ಥರದ ಮಕ್ಕಳಿರುತ್ತಾರೆ. ಮೂವರಿಗೂ ಒಂದೇ ಮದ್ದು ಕೊಡುವುದೇ ತಪ್ಪು.

ಮೊದಲನೆಯವರು ಕನ್ನಡದವರೇ. ರಾಯಚೂರು, ಕಲಬುರಗಿ, ವಿಜಯಪುರದಿಂದ ಬೆಂಗಳೂರಿಗೆ ಬಂದವರು. ಮಗು ಎದ್ದು ನಿಂತು "ಹೂನ್ರಿ ಸರ, ಬರದೀನ್ರಿ" ಅನ್ನುತ್ತದೆ, ತರಗತಿ ಗೊಳ್ ಅಂತ ನಗುತ್ತದೆ. ಆ ಮಗು ಮತ್ತೆ ಒಂದು ತಿಂಗಳು ಬಾಯಿ ಬಿಡುವುದಿಲ್ಲ. ನಗು ಬಂದ ಆ ಕ್ಷಣದಲ್ಲೇ ತಡೆಯಬೇಕು. ನಾನು ಮಾಡುವುದು ಇಷ್ಟು: "ನಾವು ಇಲ್ಲಿ ಹೀಗಂತೀವಿ, ನಿಮ್ಮ ಕಡೆ ಏನಂತಾರೆ ಹೇಳು" ಅಂತ ಬೋರ್ಡಲ್ಲಿ ಎರಡು ಕಾಲಂ ಬರೆಯುತ್ತೇನೆ. ಎರಡು ದಿನದಲ್ಲಿ ಇಡೀ ತರಗತಿ ರೀ ಹಚ್ಚಿ ಮಾತಾಡೋಕೆ ಶುರು ಮಾಡುತ್ತದೆ.

ಎರಡನೆಯವರು ಕನ್ನಡ ಕೇಳದೆ ಬಂದವರು. ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಅಸ್ಸಾಂನಿಂದ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಿಹಾರ, ಬಂಗಾಳದಿಂದ ಬರುವ ಕುಟುಂಬಗಳ ಮಕ್ಕಳು. ಇವರಿಗೆ ವರ್ಣಮಾಲೆಗಿಂತ ಮೊದಲು ಹತ್ತು ಮಾತು ಕಲಿಸಿ: ನೀರು, ಊಟ, ಹೊಟ್ಟೆನೋವು, ಒಂದಕ್ಕೆ ಹೋಗಬೇಕು, ಹೊಡೆದ, ಬೇಡ, ಕೊಡು, ಗೊತ್ತಾಗಲಿಲ್ಲ, ಮನೆಗೆ, ಅಮ್ಮನ ಫೋನ್ ನಂಬರು. ಚಡ್ಡಿ ಒದ್ದೆ ಮಾಡಿಕೊಂಡ ಮಗು ನಾಳೆ ಶಾಲೆಗೆ ಬರುವುದಿಲ್ಲ. ಅದಕ್ಕೆ ಆ ನಾಲ್ಕನೆಯ ಮಾತು ಪಾಠಕ್ಕಿಂತ ಮುಖ್ಯ. ಮೊದಲ ತಿಂಗಳು ಉತ್ತರವನ್ನು ಮನೆಮಾತಿನಲ್ಲಿ ಹೇಳಿದರೂ ಒಪ್ಪಿಕೊಳ್ಳಿ.

ಮೂರನೆಯವರು ಮಾತು ಬರುವ, ಅಕ್ಷರ ಬಾರದವರು. ಇವರು ಜಾಸ್ತಿ ಮಿಲಿಟರಿ ಮನೆಯ ಮಕ್ಕಳು.

ಹಂತ 6: ಮಿಲಿಟರಿ ಮಕ್ಕಳು

ಬೆಳಗಾವಿ, ಕೊಡಗಿನ ಕಡೆಯ ಶಿಕ್ಷಕರಿಗೆ ಇದು ಚೆನ್ನಾಗಿ ಗೊತ್ತು. ಅಪ್ಪನಿಗೆ ಕುಟುಂಬ ಕರೆದೊಯ್ಯುವಂತಿಲ್ಲದ ಜಾಗಕ್ಕೆ ಪೋಸ್ಟಿಂಗ್ ಆಗುತ್ತದೆ. ಅಮ್ಮ ಮಕ್ಕಳನ್ನು ಕರೆದುಕೊಂಡು ಗಂಡನ ಊರಿಗೋ ತವರಿಗೋ ಬರುತ್ತಾಳೆ. ಹತ್ತಿರದಲ್ಲಿ ಕೇಂದ್ರೀಯ ವಿದ್ಯಾಲಯ ಇರುವುದಿಲ್ಲ, ಮಗು ನಮ್ಮ ಶಾಲೆಗೆ ಬರುತ್ತದೆ. ಐದನೇ ತರಗತಿಯವರೆಗೆ ಪಠಾಣ್‌ಕೋಟ್‌ನಲ್ಲೋ ಜಬಲ್‌ಪುರದಲ್ಲೋ ಹಿಂದಿ, ಇಂಗ್ಲಿಷಲ್ಲಿ ಓದಿದ ಮಗು. ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಪುಸ್ತಕ ಕೊಟ್ಟರೆ ಗಾಬರಿ. ಮಾತು ಕೇಳಿ "ಇವನಿಗೆ ಕನ್ನಡ ಬರುತ್ತೆ" ಅಂತ ನಂಬಬೇಡಿ. ಓದಿಸಿ ನೋಡಿ. ಮೂರು ತಿಂಗಳು ಲಿಪಿಗೇ ಬೇರೆ ಸಮಯ ಇಡಿ. ವಿಜ್ಞಾನ, ಗಣಿತದಲ್ಲಿ ಆ ಮಗು ಮುಂದೆ ಇರಬಹುದು, ಅಲ್ಲಿ ಹಿಂದಕ್ಕೆ ಎಳೆಯಬೇಡಿ.

ಅಪ್ಪ ರಜೆಗೆ ಬಂದಾಗ ಮಗು ನಾಲ್ಕು ದಿನ ಶಾಲೆಗೆ ಬರುವುದಿಲ್ಲ. ಬೈಯಬೇಡಿ. ರಜೆಯ ತಾರೀಖು ಮೊದಲೇ ಅಮ್ಮನಿಂದ ತಿಳಿದುಕೊಂಡು ಕಿರುಪರೀಕ್ಷೆಯನ್ನು ಆಚೆ ಈಚೆ ಮಾಡಿ. ಅಪ್ಪ ಹೊರಟ ಮರುದಿನ ಮಗು ಮಂಕಾಗಿರುತ್ತದೆ ಅಥವಾ ಜಗಳ ತೆಗೆಯುತ್ತದೆ. ಗಡಿಯಲ್ಲಿ ಗಲಾಟೆ ಅಂತ ಟಿವಿಯಲ್ಲಿ ಬಂದ ದಿನ "ನಿಮ್ಮಪ್ಪ ಎಲ್ಲಿದಾರೆ, ಭಯ ಆಗಲ್ವಾ" ಅಂತ ತರಗತಿಯ ಮುಂದೆ ಕೇಳಬೇಡಿ. ಆಗಸ್ಟ್ 15ಕ್ಕೆ ಭಾಷಣಕ್ಕೆ ನಿಲ್ಲಿಸುವ ಮೊದಲೂ ಮಗುವನ್ನು ಒಂದು ಮಾತು ಕೇಳಿ. ಅಪ್ಪ ಎಲ್ಲಿದ್ದಾರೆ ಅನ್ನುವ ವಿವರ ಶಾಲೆಯ ವಾಟ್ಸಾಪ್ ಗುಂಪಿಗೆ ಹೋಗಲೇಬಾರದು.

ಕಾಗದದಲ್ಲಿ ಒಂದು ಸಣ್ಣ ಕೆಲಸ. ಮಕ್ಕಳ ಶಿಕ್ಷಣ ಭತ್ಯೆಗೆ ತಂದೆಗೆ ಶಾಲೆಯ ಮುಖ್ಯಸ್ಥರ ಪ್ರಮಾಣ ಪತ್ರ ಬೇಕಾಗುತ್ತದೆ. ಕೇಳಿದ ದಿನವೇ ಕೊಡಿ, ಹೆಸರು ಸೇವಾ ದಾಖಲೆಯಲ್ಲಿ ಇರುವ ಹಾಗೇ ಇರಲಿ.

ಹಂತ 7: ಮನೆ, ಶೆಡ್ಡು, ಮೇಸ್ತ್ರಿ

ಸೇರಿಸಿಕೊಂಡ ಹದಿನೈದು ದಿನದೊಳಗೆ ಒಂದು ಸಂಜೆ ಶೆಡ್ಡಿಗೆ ಹೋಗಿ ಬನ್ನಿ. ಭಾನುವಾರ ಬೆಳಗ್ಗೆಯೂ ಆಗಬಹುದು. ಅಲ್ಲಿ ಎರಡು ವಿಷಯ ತಿಳಿಯಬೇಕು.

ಒಂದು, ಮಗು ಯಾಕೆ ತಪ್ಪಿಸುತ್ತದೆ. ಹತ್ತು ವರ್ಷದ ಹುಡುಗಿ ಬಾರದಿದ್ದರೆ ಅವಳ ಸೊಂಟದಲ್ಲಿ ಒಂದು ಕೂಸು ಇರುತ್ತದೆ, ನೋಡಿ. ಕೂಸಿಗೆ ಜಾಗ ಸಿಗದೆ ಅವಳು ಶಾಲೆಗೆ ಬರುವುದಿಲ್ಲ. ಅಂಗನವಾಡಿ, ಪಂಚಾಯಿತಿಯ ಕೂಸಿನ ಮನೆ (ಶಿಶುಪಾಲನಾ ಕೇಂದ್ರ) ವಿಚಾರಿಸಿ. ಐವತ್ತಕ್ಕಿಂತ ಜಾಸ್ತಿ ಹೆಂಗಸರು ದುಡಿಯುವ ಕಟ್ಟಡ ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳುತ್ತಿತ್ತು; 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಕೂಸುಗಳಿಗೆ ಜಾಗ ಬೇಕು ಅಂತ ಸೈಟ್ ಎಂಜಿನಿಯರ್‌ಗೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಅಧ್ಯಕ್ಷರ ಜೊತೆ ಹೋಗಿ ಹೇಳಿದರೆ ಕೆಲಸ ಬೇಗ ಆಗುತ್ತದೆ.

ಎರಡು, ಯಾವಾಗ ಹೊರಡುತ್ತಾರೆ. ತಂದೆ ತಾಯಿಗೆ ಇದು ಗೊತ್ತಿರುವುದಿಲ್ಲ, ಮೇಸ್ತ್ರಿಗೆ ಗೊತ್ತು. "ಕೊನೇ ಸ್ಲ್ಯಾಬ್ ಯಾವಾಗ ಹಾಕ್ತೀರಿ" ಅಂತ ಕೇಳಿ. ಅದಾದ ಮೇಲೆ ಆ ಗುಂಪು ಉಳಿಯುವುದಿಲ್ಲ. ಕಾಫಿ ಕೊಯ್ಲಿನವರು ಫೆಬ್ರವರಿ ಮಾರ್ಚ್‌ಗೆ, ಕಬ್ಬು ಕಡಿಯುವವರು ಕಾರ್ಖಾನೆ ನುರಿಸುವುದು ನಿಂತಾಗ, ಇಟ್ಟಿಗೆ ಭಟ್ಟಿಯವರು ಮಳೆ ಬರುವ ಹೊತ್ತಿಗೆ ಹೊರಡುತ್ತಾರೆ. ಆ ತಿಂಗಳನ್ನು ಪುಸ್ತಕದ ಕಾಲಂನಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ.

ಯುಗಾದಿಗೆ, ಊರ ಜಾತ್ರೆಗೆ ಹೋದವರು ಹತ್ತು ದಿನ ಬಿಟ್ಟು ಬರುತ್ತಾರೆ. ಹೆಸರು ಹೊಡೆಯಬೇಡಿ.

*ಎಚ್ಚರಿಕೆಯ ಚಿಹ್ನೆಗಳು:* ಪಾತ್ರೆ ಮಾರುತ್ತಿದ್ದಾರೆ ಅಂತ ಮಗು ಹೇಳುವುದು. ಸೋಮವಾರ ಮಾತ್ರ ತಪ್ಪಿಸುವುದು, ಅಂದರೆ ಸಂತೆ ಅಥವಾ ಕೂಲಿ. ಅಂಗೈಯಲ್ಲಿ ಸಿಮೆಂಟ್ ತಿಂದ ಗಾಯ. ಇದ್ದಕ್ಕಿದ್ದಂತೆ ಯಾರ ಜೊತೆಗೂ ಮಾತಾಡದಿರುವುದು. ಗಾಯ, ಹೊಡೆತ, ದುಡಿತದ ಅನುಮಾನ ಬಂದರೆ 1098ಕ್ಕೆ ಕರೆ ಮಾಡಿ. ವಾರ ಪೂರ್ತಿ ಬಾರದಿದ್ದರೆ ಹಾಜರಿಯಲ್ಲಿ ಗೈರು ಎಳೆಯುತ್ತಾ ಕೂರಬೇಡಿ, ಹೋಗಿ ನೋಡಿ.

ಹಂತ 8: ಒಂಬತ್ತು, ಹತ್ತನೇ ತರಗತಿ

ಇಲ್ಲಿ ಮೊದಲ ಹಂತದ ಕಾಯ್ದೆಯ ಬಲ ಕಡಿಮೆ, ತಾರೀಖಿನ ಒತ್ತಡ ಜಾಸ್ತಿ. ಹತ್ತನೇ ತರಗತಿಯ ನಡುವೆ ಹೊರಡುವ ಕುಟುಂಬವನ್ನು ಕೂರಿಸಿ ಮಾತಾಡಿ. ಎಸ್‌ಎಸ್‌ಎಲ್‌ಸಿಗೆ ನೋಂದಣಿ ಆದ ಮೇಲೆ ಶಾಲೆ ಬದಲಿಸುವುದು ದೊಡ್ಡ ತಲೆನೋವು. ಸಾಧ್ಯವಾದರೆ ಮಗು ಇಲಾಖೆಯ ವಿದ್ಯಾರ್ಥಿ ನಿಲಯದಲ್ಲೋ ನೆಂಟರ ಮನೆಯಲ್ಲೋ ಉಳಿದು ಪರೀಕ್ಷೆ ಮುಗಿಸಲಿ. ಹಾಜರಾತಿ ಶೇ 75 ಬೇಕು, ಹಳೇ ಶಾಲೆಯ ದಿನಗಳನ್ನೂ ಸೇರಿಸಿ ಲೆಕ್ಕ ಇಡಿ. ಹೊರರಾಜ್ಯದ ಅಥವಾ ಸಿಬಿಎಸ್‌ಇ ಮಗುವಾದರೆ ಭಾಷಾ ಆಯ್ಕೆಯ ಬಗ್ಗೆ ಮಗು ಸೇರಿದ ವಾರವೇ ಬಿಇಒ ಕಚೇರಿಗೆ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಹಂತ 9: ಹೊರಡುವ ದಿನದ ಚೀಲ

ಈ ಚೀಲವನ್ನು ಮಗು ಬಂದ ವಾರವೇ ಶುರು ಮಾಡಬೇಕು. ಗುಳೆ ಹೊರಡುವವರು ರಾತ್ರಿ ಲಾರಿ ಹತ್ತುತ್ತಾರೆ, ನಿಮಗೆ ಹೇಳೋಕೆ ಬೆಳಗಾಗುವವರೆಗೆ ಕಾಯುವುದಿಲ್ಲ. ಆಗ ಮನೆಯಲ್ಲಿ ಏನಿದೆಯೋ ಅದೇ ಅವರ ಜೊತೆ ಹೋಗುವುದು. ಹಾಗಾಗಿ ಒಂದು ಪ್ಲಾಸ್ಟಿಕ್ ಕವರಲ್ಲಿ ಇಷ್ಟನ್ನು ಹಾಕಿ ಮೊದಲೇ ತಾಯಿಯ ಕೈಗೆ ಕೊಟ್ಟಿರಿ:

1. ಒಂದು ಚೀಟಿ. ಅದರಲ್ಲಿ ಮಗುವಿನ ಎಸ್‌ಎಟಿಎಸ್ ಅಥವಾ ಪೆನ್ ಸಂಖ್ಯೆ, ನಿಮ್ಮ ಶಾಲೆಯ ಹೆಸರು, ಯುಡೈಸ್ ಕೋಡ್, ನಿಮ್ಮ ಫೋನ್ ನಂಬರು. ದೊಡ್ಡ ಅಕ್ಷರದಲ್ಲಿ ಬರೆಯಿರಿ.
2. ವ್ಯಾಸಂಗ ಪ್ರಮಾಣ ಪತ್ರದ ಒಂದು ಪ್ರತಿ.
3. ಪ್ರತಿ ತಿಂಗಳು ಬದಲಿಸುವ ಅರ್ಧ ಪುಟದ ಟಿಪ್ಪಣಿ: ಏನು ಓದುತ್ತದೆ, ಯಾವ ಲೆಕ್ಕ ಬರುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ನಗುತ್ತದೆ. ಅಂಕಪಟ್ಟಿ ಹೇಳದ್ದನ್ನು ಇದು ಹೇಳುತ್ತದೆ.
4. ಮಗುವೇ ಬರೆದ ಒಂದು ಹಾಳೆ.

ಕವರನ್ನು ತಾಯಿಯ ಆಧಾರ್, ರೇಷನ್ ಕಾರ್ಡಿನ ಜೊತೆ ಇಡಲು ಹೇಳಿ. ಆ ಡಬ್ಬಿಯನ್ನು ಅವರು ಯಾವತ್ತೂ ಬಿಟ್ಟು ಹೋಗುವುದಿಲ್ಲ.

ಮಗು ಹೋದದ್ದು ಖಚಿತವಾದ ಮೇಲೆ ತಾಯಿಗೆ ಫೋನ್ ಮಾಡಿ, ಯಾವ ಊರು ಅಂತ ಕೇಳಿ. ಹೊಸ ಶಾಲೆಯಿಂದ ಟಿಸಿ ಕೋರಿಕೆ ಬಂದರೆ ಅದೇ ದಿನ ಆನ್‌ಲೈನ್‌ನಲ್ಲಿ ಕೊಟ್ಟುಬಿಡಿ, ಹೊರರಾಜ್ಯವಾದರೆ ಯುಡೈಸ್ ಪ್ಲಸ್‌ನಲ್ಲೂ ಡ್ರಾಪ್ ಬಾಕ್ಸ್‌ಗೆ ಹಾಕಿ. ಹದಿನೈದು ದಿನವಾದರೂ ಯಾರೂ ಕೇಳದಿದ್ದರೆ ಮಗು ಎಲ್ಲೂ ಸೇರಿಲ್ಲ ಅಂತಲೇ ತಿಳಿಯಿರಿ. ಆಗ ಊರಿನ ಆ ಎರಡನೇ ಫೋನ್ ನಂಬರು ಕೆಲಸಕ್ಕೆ ಬರುತ್ತದೆ.

ಪುಸ್ತಕದ ಕೊನೆಯ ಕಾಲಂ "ಸೇರಿದ ಶಾಲೆ." ಆ ಕಡೆಯ ಮುಖ್ಯ ಶಿಕ್ಷಕರು "ಹೌದು, ಬಂದಿದಾನೆ, ಈಗ ಎರಡನೇ ಬೆಂಚಲ್ಲಿ ಕೂತಿದಾನೆ" ಅಂತ ಫೋನಲ್ಲಿ ಹೇಳುವವರೆಗೆ ಅದನ್ನು ಪೆನ್ನಿನಲ್ಲಿ ತುಂಬಬೇಡಿ.